ದುಂಡಮಾದಯ್ಯನ ತಿಪ್ಪೆ ದಿಗ್ವಿಜಯ

ಹೇ ಜಲ್ಲಿಕಲ್ಲುಗಳ ಅಧಿದೇವತೆಯೇ, ಡಾಂಬರು ಪೀಪಾಯಿಯಲ್ಲಿ ನೆಲೆಸಿದ ಕೃಷ್ಣವರ್ಣದ ಮಹಾತಾಯಿಯೇ, ನನ್ನ ನಾಲಗೆಯ ಮೇಲೆ ಒಂದು ಸಲ ರೋಲರು ಹಾಯಿಸಿ ಮಾತನ್ನು ಸಮಮಾಡು. ಕೃತ ತ್ರೇತ ದ್ವಾಪರಗಳು ಸಂದು, ಕಲಿಯುಗವೂ ಅಷ್ಟಿಷ್ಟು ಸವೆದು, ರಸ್ತೆಗಳು ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೆಯೇ ಮುಪ್ಪಾಗಿ ತೀರಿಕೊಳ್ಳುತ್ತಿದ್ದ ಅಂದಾಜುಪಟ್ಟಿಯ ಮಹಾಯುಗದಲ್ಲಿ, ಏಳು ಬೆಟ್ಟಗಳ ಬೆನ್ನಿನ ಮೇಲೆ ಮೇಲ್ದೊಡ್ಡಿಯೆಂಬ ಹನ್ನೊಂದು ಮನೆಗಳ ಮಹಾನಗರಿಯಿತ್ತು. ಅಲ್ಲಿ ಗುದ್ದಲಿಗದಾಧರನೂ, ರಾಗಿಮುದ್ದೆಭಂಜನನೂ, ಹರಿದ ಬನಿಯನ್ನನ್ನೇ ವಜ್ರಕವಚವಾಗಿ ತೊಟ್ಟವನೂ ಆದ ದುಂಡಮಾದಯ್ಯನೆಂಬ ವೀರನಿದ್ದನು. ಅವನ ಕಥೆ ಹೇಳುತ್ತೇನೆ. ಕೇಳಿದವರಿಗೆ ಪುಣ್ಯ ಬರಲಿ ಬಿಡಲಿ, ಹೊತ್ತಂತೂ ಹೋಗುತ್ತದೆ.

ಆ ಸೀಮೆಯಲ್ಲಿ ವೇದಕ್ಕಿಂತ ಗಟ್ಟಿಯಾದ ಮಾತೊಂದಿತ್ತು: ಎಂಜಿನಿಯರ ಜೀಪು ಎಲ್ಲಿ ತಿರುಗುತ್ತದೋ ಡಾಂಬರು ಅಲ್ಲಿಗೆ ನಿಲ್ಲುತ್ತದೆ. ಕೆಳಗಿನ ಕೀಳ್ದೊಡ್ಡಿಯಲ್ಲಿ ಮಾರಿಗುಡಿಯ ಮುಂದೆ ಬಯಲಿತ್ತು. ಜೀಪು ಅಲ್ಲಿ ತಿರುಗಿತು, ಡಾಂಬರು ಅಲ್ಲಿಗೆ ಮುಗಿಯಿತು. ಅಲ್ಲಿಂದ ಮೇಲ್ದೊಡ್ಡಿಗೆ ಎರಡು ಮೈಲಿ, ಒಂಬತ್ತು ತಿರುವು, ಆಳು ಇಳಿದರೆ ಕಾಣದಂಥ ಕೊರಕಲುಗಳು. ಕೇಳಹೋದರೆ ಪಂಚಾಯಿತಿಯವರು ಬರುವ ಸಾಲಿನಲ್ಲಿ ನೋಡೋಣವೆಂದು ಏಳು ವರ್ಷದಿಂದ ತಿಪ್ಪೆ ಸಾರಿಸುತ್ತಿದ್ದರು. ಮೇಲ್ದೊಡ್ಡಿಯಲ್ಲಿ ಜೀಪು ತಿರುಗುವಷ್ಟು ಜಾಗವಿದ್ದದ್ದು ದುಂಡಮಾದಯ್ಯನ ಮನೆಯ ಮುಂದೆ ಮಾತ್ರ. ಅದರ ನಟ್ಟನಡುವೆ ಪಕ್ಕದ ಮನೆಯ ಗುರುಸಿದ್ದಮ್ಮನ ನಿಜವಾದ ತಿಪ್ಪೆಯೊಂದು ಗಗನಚುಂಬಿಯಾಗಿ ಕೂತಿತ್ತು.

ನಮ್ಮ ವೀರನ ರಸ್ತೆಯ ಹಟಕ್ಕೆ ಕಾರಣವಿತ್ತು. ಹೋದ ವರ್ಷ ಅವನ ಅವ್ವನಿಗೆ ಜ್ವರ ನೆತ್ತಿಗೇರಿದಾಗ, ಕಂಬಳಿಯನ್ನು ಗಳಕ್ಕೆ ಕಟ್ಟಿ ಅವಳನ್ನು ಅದರಲ್ಲಿ ಮಲಗಿಸಿ ಹೊತ್ತು ಇಳಿದಿದ್ದರು. ಐದನೆಯ ತಿರುವಿನಲ್ಲಿ ಮುಂದೆ ಹೊತ್ತವನ ಕಾಲು ಜಾರಿ ಅವ್ವ ಕಲ್ಲಿನ ಮೇಲೆ ಬಿದ್ದಳು. ಜೀವ ಉಳಿಯಿತು, ಎಡಗಾಲು ಮತ್ತೆ ನೆಲಕ್ಕೂರಲಿಲ್ಲ. ಮುಂದೆ ಹೊತ್ತವನು ದುಂಡಮಾದಯ್ಯನೇ. ಆ ಸಂಕಟ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತ್ತು. ಅವ್ವನಾಗಲಿ ಊರವರಾಗಲಿ ಒಂದು ಮಾತೂ ಬೈಯದಿದ್ದದ್ದು ಅವನಿಗೆ ಇನ್ನೂ ಹೆಚ್ಚು ನೋಯುತ್ತಿತ್ತು.

ಗುರುವಾರ ಎಂಜಿನಿಯರು ದಾರಿ ನೋಡಲು ಬರುತ್ತಾರೆಂಬ ಸುದ್ದಿ ಬಂದದ್ದೇ ತಡ, ವೀರನು ತಿಪ್ಪೆಯ ತಪ್ಪಲಿನಲ್ಲಿ ನಿಂತು ಗುದ್ದಲಿಯನ್ನು ನೆಲಕ್ಕೆ ಊರಿ ಗರ್ಜಿಸಿದನು: “ಎಲೌ ಗೋಮಯಗಿರಿದುರ್ಗಾಧೀಶ್ವರಿ, ಮಹಿಷೀದ್ವಯಪಾಲಿನಿ! ನಾಲ್ಕು ಚಕ್ರಗಳ ದಿವ್ಯರಥವು ಈ ಅಂಗಳದಲ್ಲಿ ಪ್ರದಕ್ಷಿಣೆ ಬರುವ ಪುಣ್ಯಕಾಲವು ಸನ್ನಿಹಿತವಾಗಿದೆ. ನಿನ್ನ ಕೋಟೆಯನ್ನು ನೀನೇ ಕಳಚು. ಇಲ್ಲವಾದರೆ ಸೂರ್ಯಾಸ್ತದೊಳಗೆ ಅದನ್ನು ಧೂಳೀಪಟಮಾಡದೆ ಅನ್ನ ಮುಟ್ಟೆನು!” ಕಾವ್ಯದ ಮರ್ಯಾದೆಗಾಗಿ ಹೀಗೆ ಹೇಳಿದೆನೇ ಹೊರತು, ಅವನ ಬಾಯಿಂದ ಬಂದದ್ದು “ಗುರುಸಿದ್ದಕ್ಕ, ತಿಪ್ಪ ಅತ್ಲಾಗ್ ತಗಿ, ಜೀಪು ತಿರುಗಬೇಕು” ಎಂದಷ್ಟೇ.

ಗುರುಸಿದ್ದಮ್ಮ ಪೊರಕೆಪಾಣಿಯಾಗಿ ಹೊರಬಂದಳು. ಅದು ತನ್ನ ಅತ್ತೆಯ ಕಾಲದ ತಿಪ್ಪೆಯೆಂದೂ, ದೀಪಾವಳಿಗೆ ಹುಚ್ಚೆಳ್ಳು ಹೂವಿಟ್ಟು ದೀಪ ಹಚ್ಚಿದ ಮೇಲೆ ಅದರಲ್ಲಿ ಲಕ್ಷ್ಮಿ ಕೂತಿದ್ದಾಳೆಂದೂ, ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸಿದರೆ ಎದ್ದವಳು ಹಾಗೇ ಹೋಗುತ್ತಾಳೆಂದೂ ಸಾರಿದಳು. ಗಂಡನಿಲ್ಲದ ಹೆಂಗಸಿಗೆ ಎರಡೆಮ್ಮೆ, ಆ ಐದು ಗಾಡಿ ಗೊಬ್ಬರ, ಅದನ್ನು ನಂಬಿದ ಒಂದು ತುಂಡು ರಾಗಿ ಹೊಲ, ಇಷ್ಟೇ ಆಸ್ತಿ. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಯುದ್ಧಗಳು ತಪ್ಪಿದ್ದವರೊಂದಿಗೇ ಆಗಬೇಕೆಂದಿಲ್ಲವಲ್ಲ.

ಮೂರು ದಿನ ಘೋರ ಸಮರ ನಡೆಯಿತು. ಮುಂಜಾನೆ ಅವನು ಹತ್ತು ಮಂಕರಿ ಕೆದರಿ ಹಾಕಿದರೆ, ಮಧ್ಯಾಹ್ನ ಅವಳು ಹನ್ನೊಂದು ಮಂಕರಿ ಮರಳಿ ಸುರಿದಳು. ಹನ್ನೊಂದನೆಯದು ಎಮ್ಮೆಗಳು ಆ ದಿನ ಒದಗಿಸಿದ ಹೊಸ ಸೈನ್ಯ. ಉಭಯ ಪಕ್ಷಗಳಿಗೂ ನಿಷ್ಠವಾಗಿದ್ದ ಕೋಳಿಗಳು ರಣರಂಗದಲ್ಲಿ ಹುಳ ಹೆಕ್ಕಿದವು. ಉಳಿದ ಒಂಬತ್ತು ಮನೆಯವರು ಮಾತ್ರ ಒಗ್ಗಟ್ಟಿನಿಂದ, ಜೀಪು ಹತ್ತಲೆಂದು ಒಂಬತ್ತು ತಿರುವಿನ ಕೊರಕಲುಗಳಿಗೆ ಕಲ್ಲುಮಣ್ಣು ತುಂಬಿ ಗಟ್ಟಿಸಿದರು.

ಬುಧವಾರ ಸಂಜೆ ಗುರುಸಿದ್ದಮ್ಮ ಅವ್ವನ ಹತ್ತಿರ ಬಂದು ಕೂತಳು. ಒಳಗೆ ಏನು ಮಾತಾಯಿತೋ ತಿಳಿಯದು. ಹೊರಬಂದಾಗ ಅವಳ ಕಣ್ಣು ಕೆಂಪಾಗಿತ್ತು.

“ತಗದ್ ಹಾಕು ಮಾದಯ್ಯ. ನಿನ್ ಮನ ಗ್ವಾಡ ಪಕ್ಕ, ಅವ್ವನ ಕಿಟಕಿ ತಾವ ನೆಳ್ಳು ಅದ, ಅಲ್ಲಿ ಹಾಕು. ಆದ್ರ ಬರ ದೀಪಾವಳಿಗ ಪೂಜ ಆಗಗಂಟ ಯಾರೂ ಮುಟ್ಟಕೂಡದು.”

ಒಪ್ಪದೆ ಅವನು ಇನ್ನೇನು ಮಾಡಿಯಾನು. ಬೆಳಗಾಗುವುದರೊಳಗೆ ಇಬ್ಬರೂ ಸೇರಿ ಹೊತ್ತು ಮುಗಿಸಿದರು. ಅವಳು ಹೊಸ ಜಾಗದಲ್ಲಿ ಒಂದು ಹಣತೆ ಹಚ್ಚಿ ಲಕ್ಷ್ಮಿಯ ಕ್ಷಮೆ ಕೇಳಿದಳು.

ಗುರುವಾರ ಜೀಪು ಬಂತು. ಹತ್ತಿತು. ಹಿಂದೆ ಸರಿಯದೆ, ಮುಂದೆ ತಡವರಿಸದೆ, ಒಂದೇ ಸುತ್ತಿಗೆ ಚಕ್ರವರ್ತಿಯ ರಥದಂತೆ ತಿರುಗಿ ನಿಂತಿತು. ಹನ್ನೊಂದು ಮನೆಯವರ ಕೈಗಳೂ ತಾವಾಗಿಯೇ ಮುಗಿದವು. ದುಂಡಮಾದಯ್ಯನ ಕಣ್ಣಲ್ಲಿ ನೀರು ಬಂತು, ಅವನು ಅದನ್ನು ಮುಚ್ಚಿಡಲೂ ಇಲ್ಲ. ಎಂಜಿನಿಯರು ಒಳ್ಳೆಯವರು. ಕೊಟ್ಟ ಮಜ್ಜಿಗೆ ಕುಡಿದರು, ಸುತ್ತ ನೋಡಿದರು, ಮೆಚ್ಚಿದರು.

“ಇಷ್ಟು ಚೆನ್ನಾಗಿ ಇಟ್ಕೊಂಡಿದೀರಲ್ರೀ. ನಮ್ಮ ಜೀಪು ಎಲ್ಲೂ ನಿಲ್ಲದೆ ಹತ್ತಿತು, ಇಲ್ಲಿ ಲಾರಿ ಬೇಕಾದ್ರೂ ತಿರುಗುತ್ತೆ. ಈ ಸಲದ ಹಣ ಜೀಪೇ ಹೋಗದಂಥ ದಾರಿಗಳಿಗೆ.”

ಕಾಗದದ ಮೇಲೆ ‘ಸಂಚಾರಯೋಗ್ಯ, ಸದ್ಯಕ್ಕೆ ದುರಸ್ತಿ ಬೇಕಿಲ್ಲ’ ಎಂದು ಬರೆದು ಹೊರಟೇಬಿಟ್ಟರು. ಅದು ನಾವು ತುಂಬಿದ ಮಣ್ಣು ಸ್ವಾಮಿ, ಒಂದು ಮಳೆಗೆ ನಿಲ್ಲುವುದಿಲ್ಲ ಎಂದು ಕೂಗುತ್ತ ದುಂಡಮಾದಯ್ಯ ಎರಡನೆಯ ತಿರುವಿನ ತನಕ ಜೀಪಿನ ಹಿಂದೆ ಓಡಿದ. ರಸ್ತೆ ಚೆನ್ನಾಗಿದ್ದದ್ದರಿಂದ ಜೀಪು ಸಿಗಲಿಲ್ಲ.

ಹೀಗೆ ಅಂದಾಜುಪಟ್ಟಿಯ ಮಹಾಯುಗದಲ್ಲಿ, ಮೂರು ದಿನದ ಘನಘೋರ ಸಂಗ್ರಾಮದಿಂದ ಭೂಮಂಡಲದಲ್ಲಿ ಆದ ಬದಲಾವಣೆಯೆಂದರೆ, ಒಂದು ತಿಪ್ಪೆ ಹದಿನಾರು ಅಡಿ ಪಡುವಲಿಗೆ ಸರಿದದ್ದು.

ವೀರನು ಏದುಸಿರು ಬಿಡುತ್ತ ಒಳಗೆ ಬಂದ. ಅವ್ವ ಗೋಡೆಗೆ ಒರಗಿ ಎಡಗಾಲನ್ನು ನೀವಿಕೊಳ್ಳುತ್ತಿದ್ದಳು. ಏನಂದರೆಂದು ಕೇಳಿದಳು.

“ರಸ್ತ ಚೆಂದಾಗದಂತ ಕನವ್ವ.”

ಅವ್ವ ನೀವುತ್ತಿದ್ದ ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟಳು.

“ಹಂಗಾರ ಇನ್ನೊಂದ್ ಸಲ ಜರ ಬಂದ್ರ ನಾನೇ ನಡ್ಕಂಡು ಹೋಯ್ತಿನಿ ಬುಡು. ಈಗ ಆ ಕಿಟಕಿ ಮುಚ್ಚು, ನೊಣ.”

ದುಂಡಮಾದಯ್ಯ ಎದ್ದು ಹೋಗಿ ಕಿಟಕಿ ಮುಚ್ಚಿದ.