ನನ್ನ ಮೇಲೆ ನಾನೇ ಹಾಕಿಕೊಂಡ ಕಲೆ

ನಮ್ಮ ಅಪ್ಪ ಅಮ್ಮನನ್ನು ಈ ಭೂಮಂಡಲದಲ್ಲೇ ಅತ್ಯಂತ ಎಚ್ಚರದ ತಂದೆ ತಾಯಿಗಳನ್ನಾಗಿ ಮಾಡಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದೆ. ಮನಸ್ಸಿನಲ್ಲೇ ಮಾಡಿದೆ. ಗಟ್ಟಿಯಾಗಿ ಶಪಥ ಮಾಡುವಷ್ಟು ಧೈರ್ಯ ನನಗಿಲ್ಲ.

ಆದದ್ದಿಷ್ಟು. ತಂಗಿಯ ಶಾಲೆಯಲ್ಲಿ ಪೋಷಕರ ಸಭೆ ಕರೆದಿದ್ದರು. ನಮ್ಮದು ಲಾಂಡ್ರಿ ಅಂಗಡಿ. ಅವತ್ತೇ ಗೆಸ್ಟ್ ಹೌಸಿನ ಬೆಡ್‌ಶೀಟುಗಳೆಲ್ಲ ಒಟ್ಟಿಗೆ ಬಂದು ಬಿದ್ದು, ಅಪ್ಪ ಅಮ್ಮ ಇಬ್ಬರಿಗೂ ತಲೆ ಎತ್ತಲು ಪುರಸೊತ್ತಿರಲಿಲ್ಲ. ಹಾಗಾಗಿ ಪೋಷಕನ ಸ್ಥಾನದಲ್ಲಿ ನಾನು ಹೋಗಿ ಕೂತೆ. ಅರ್ಧಕ್ಕೇ ಶಾಲೆ ಬಿಟ್ಟು ಇಸ್ತ್ರಿ ಪೆಟ್ಟಿಗೆ ಹಿಡಿದವನಿಗೆ ಮತ್ತೆ ಬೆಂಚು ಕಂಡರೆ ಹೇಗಾಗಬೇಡ! ಯಾರಾದರೂ ಎಬ್ಬಿಸಿ ಪ್ರಶ್ನೆ ಕೇಳಿಬಿಟ್ಟರೆ ಎಂದು ಕೊನೆಯ ಬೆಂಚಿಗೆ ಸರಿದುಕೊಂಡೆ.

ಯಾರೂ ಕೇಳಲಿಲ್ಲ, ಶಿಕ್ಷಕರೇ ಹೇಳಿದರು. ಮಕ್ಕಳು ಫೋನಿನಲ್ಲಿ ಕ್ರಿಪ್ಟೊ ಕಾಯಿನ್ ಕೊಂಡು, ಅದನ್ನೇ ಪಣಕ್ಕಿಟ್ಟು ಆಡುತ್ತಿದ್ದಾರಂತೆ. ಹೊರಗಿನಿಂದ ನೋಡಿದರೆ ಬಣ್ಣಬಣ್ಣದ ಆಟ, ಒಳಗೆ ಅಪ್ಪಟ ಜೂಜು. ಫೋನ್ ಮುಚ್ಚಿಡುತ್ತಾರೆ, ಈಗ ಕುಣಿದರೆ ಇನ್ನೊಂದು ಗಳಿಗೆಗೆ ಸಿಡುಕುತ್ತಾರೆ, ಹೋದದ್ದನ್ನೆಲ್ಲ ಮರಳಿ ಗಳಿಸುತ್ತೇನೆ ಎಂದು ಇನ್ನಷ್ಟು ಕಳೆಯುತ್ತಾರೆ. ಅಲ್ಲಿಗೆ ಓದೂ ಹೋಯಿತು. ನಮ್ಮ ಮನೆಯಲ್ಲಿ ಓದಿ ಮುಂದೆ ಹೋಗಬೇಕಾದವಳು ತಂಗಿ ಒಬ್ಬಳೇ. ಅವಳು ಬಂಗಾರದಂಥ ಹುಡುಗಿ ನಿಜ, ಆದರೂ ನಾಳೆ ಏನಾದರೂ ಆದರೆ ಅಪ್ಪ ಅಮ್ಮನಿಗೆ ಗೊತ್ತಾಗುವುದು ಬೇಡವೇ?

ಅಂಗಡಿಗೆ ಬಂದವನೇ ಅಪ್ಪನಿಗೆ ಎಲ್ಲವನ್ನೂ ವಿವರಿಸಿದೆ. ಅವರು ಮಷೀನಿನ ಸದ್ದಿನಲ್ಲೇ ಅರ್ಧಂಬರ್ಧ ಕೇಳಿಸಿಕೊಂಡು, "ನಾಣ್ಯ ಫೋನಿನೊಳಗಿರುತ್ತಾ? ಒಳ್ಳೇದೇ ಆಯ್ತು ಬಿಡು. ಜೇಬಲ್ಲಿ ಉಳಿದು ಮಷೀನ್ ಕೆಡಿಸೋ ಕಾಟ ತಪ್ಪಿತು" ಎಂದರು.

ಮಾತಿನಿಂದ ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಆಗ ನನಗೆ ಹೊಳೆದದ್ದು ಅಪ್ಪನದೇ ವಿದ್ಯೆ. ಹೊಸಬರು ಕೆಲಸಕ್ಕೆ ಸೇರಿದರೆ ಅಪ್ಪ ತಮ್ಮದೇ ಬಿಳಿ ಅಂಗಿಯ ಮೇಲೆ ಗುಟ್ಟಾಗಿ ಒಂದು ಹನಿ ಚಹಾ ಬೀಳಿಸಿ, ಅದನ್ನು ಗಿರಾಕಿಗಳ ಬಟ್ಟೆ ರಾಶಿಯಲ್ಲಿ ಸೇರಿಸಿಬಿಡುತ್ತಾರೆ. ಕಲೆ ಕಣ್ಣಿಗೆ ಬಿದ್ದರೆ ಕೆಲಸ ಖಾಯಂ. ನಾನೂ ಹಾಗೆಯೇ ಕಣ್ಣು ಪಳಗಿಸಿಕೊಂಡವನು. ಈಗ ಅಪ್ಪ ಅಮ್ಮನ ಕಣ್ಣು ಪಳಗಿಸಲು ನಾನೇ ಕಲೆಯಾಗುವುದು! ಜೂಜುಕೋರನ ಲಕ್ಷಣಗಳನ್ನೆಲ್ಲ ಮೈಮೇಲೆ ಹಾಕಿಕೊಂಡು ಅವರ ಮುಂದೆ ಓಡಾಡುವುದು. ಅವರು ಹಿಡಿದ ದಿನ ಗುಟ್ಟು ಬಿಚ್ಚಿ, "ನೀವು ಪಾಸಾದಿರಿ" ಎಂದು ಕೈಕುಲುಕುವುದು.

ಮೊದಲು ಊಟಕ್ಕೆ ಕೂತಾಗ ಫೋನನ್ನು ಬೋರಲು ಹಾಕಿ, ಅದು ಟಿಣ್ ಎಂದಾಗಲೆಲ್ಲ ಬೆಚ್ಚಿಬಿದ್ದೆ. ಊಟದ ಹೊತ್ತಿನಲ್ಲಿ ಫೋನ್ ನೋಡದಿರುವುದನ್ನು ಕೊನೆಗೂ ಕಲಿತನಲ್ಲ ಎಂದು ಅಮ್ಮ ಹಿಗ್ಗಿದಳು. ಮಾರನೆಯ ದಿನ ಸಿಡುಕಿನ ಸರದಿ. ಬಾಗಿಲನ್ನು ಧಡಾರೆಂದು ಬಡಿದೆ. ಬಡಿದ ಮೇಲೆ ಕೀಲು ಸಡಿಲವಾಯಿತೇನೋ ಎಂದು ಭಯವಾಗಿ, ಮತ್ತೆ ತೆರೆದು, ಎಣ್ಣೆ ಬಿಟ್ಟು, ಮೆಲ್ಲಗೆ ಮುಚ್ಚಿದೆ. ಆ ಬಾಗಿಲು ಬಹಳ ದಿನದಿಂದ ಕಿರುಗುಡುತ್ತಿತ್ತು, ಸರಿಮಾಡಿದ್ದಕ್ಕೆ ಅಪ್ಪ ಬೆನ್ನು ತಟ್ಟಿದರು.

ಇನ್ನು ಉಳಿದದ್ದು ಹರ್ಷೋನ್ಮಾದ. ಇಸ್ತ್ರಿ ಮೇಜಿನ ಪಕ್ಕ ಫೋನ್ ನೋಡುತ್ತ ಒಬ್ಬನೇ ನಕ್ಕೆ, ಒಂದು ಸುತ್ತು ಕುಣಿದೆ, ಮರುಕ್ಷಣವೇ ತಲೆ ಮೇಲೆ ಕೈಹೊತ್ತು ಕೂತೆ. ಈ ಸಲ ಅಪ್ಪನ ಕಣ್ಣಿಗೆ ಬಿತ್ತು! ಅವರು ಅಮ್ಮನನ್ನು ಮೂಲೆಗೆ ಕರೆದು ಪಿಸುಗುಟ್ಟಿದ್ದು ಕಂಡು ನನ್ನ ಎದೆ ಉಬ್ಬಿತು. ಉಬ್ಬಿದ ಎದೆ ಗೆಸ್ಟ್ ಹೌಸಿನ ಒಡತಿ ಶೀಟು ಒಯ್ಯಲು ಬರುವವರೆಗೆ ಹಾಗೇ ಇತ್ತು. ಆಕೆ ನನ್ನ ಬಳಿ ಬಂದು, ಬಹಳ ಮರುಕದಿಂದ, "ನಿನಗೆ ನನ್ನ ಮೇಲೆ ಮನಸ್ಸಾಗಿದೆ ಅಂತ ನಿಮ್ಮಪ್ಪ ಹೇಳಿದ್ರು. ತಪ್ಪು ತಿಳ್ಕೋಬೇಡಪ್ಪ, ನನಗೆ ಇಬ್ಬರು ಮಕ್ಕಳಿದ್ದಾರೆ" ಎಂದರು.

ನಾನು ತಲೆ ತಗ್ಗಿಸಿ ಅವರ ದಿಂಬಿನ ಕವರಿಗೆ ಇಸ್ತ್ರಿ ಒತ್ತಿದೆ. ಒತ್ತಿದವನು ಎತ್ತಲಿಲ್ಲ. ಹೊಗೆ ಎದ್ದಾಗಲೇ ಎಚ್ಚರ. ಸುಟ್ಟ ಕವರು ನೋಡಿ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಅವರ ಪಾಲಿಗೆ ಇನ್ನು ಅನುಮಾನವೇ ಉಳಿಯಲಿಲ್ಲ.

ಮಾನವಂತೂ ಹೋಯಿತು, ಕಲೆಯನ್ನು ದಪ್ಪ ಮಾಡದೆ ವಿಧಿಯಿಲ್ಲ ಎಂದುಕೊಂಡೆ. ಸಂಜೆ ಅಂಗಡಿಯ ನಡುವೆ ನಿಂತು, ಫೋನ್ ಕಿವಿಗಿಟ್ಟು, ಜನ್ಮದಲ್ಲಿ ಮೊದಲ ಸಲ ದನಿ ಎತ್ತಿ, "ಇನ್ನೊಂದು ಸಲ ಹಾಕ್ತೀನಿ. ಹೋಗಿದ್ದೆಲ್ಲ ವಾಪಸ್ ಬರುತ್ತೆ" ಎಂದೆ. ಅಪ್ಪ ಅಮ್ಮ ಮಷೀನಿನ ಆಚೆಗಿದ್ದರು, ಕೇಳಿಸಲಿಲ್ಲ. ಕೇಳಿಸಿದ್ದು ಶಾಲೆಯ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದ ತಂಗಿಗೆ. ಬ್ಲೀಚಿನಲ್ಲಿ ಅದ್ದಿ ತೆಗೆದ ಹಾಗೆ ಅವಳ ಮುಖದ ಬಣ್ಣ ಇಳಿದುಹೋಯಿತು. ನನ್ನ ತೋಳು ಹಿಡಿದು, ತೂಗುಹಾಕಿದ ಕೋಟುಗಳ ಹಿಂದಕ್ಕೆ ಎಳೆದಳು.

"ಅಣ್ಣ, ನೀನೂನಾ? ಯಾವ ಕಾಯಿನ್?"

ಒಂದು ಕಾಯಿನ್ನಿನ ಹೆಸರನ್ನೂ ನಾನು ಕಲಿತಿರಲಿಲ್ಲ. ಬಾಯಿಗೆ ಬಂದಂತೆ, "ಅದೇ, ಆಮೆ ಚಿತ್ರದ್ದು" ಎಂದೆ.

"ಅಯ್ಯೋ, ಆಮೆ ಮುಳುಗಿ ವಾರ ಆಯ್ತಲ್ಲೋ. ನಂದೆಲ್ಲ ಅದರಲ್ಲೇ ಹೋಗಿದ್ದು. ವಾಪಸ್ ಬರಲ್ಲ ಅಣ್ಣ. ನಾನೂ ಹಾಗೇ ಅಂದ್ಕೊಂಡು ನಾಳೆ ಸೈಕಲ್ ಮಾರೋಕೆ ಒಪ್ಕೊಂಡಿದ್ದೀನಿ."

ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆ, ನಿಜವಾದ ಕಲೆ ಹರಡುತ್ತಿತ್ತು. ನಾನು ಕನ್ನಡಿಯ ಮುಂದೆ ನಿಂತು ಸಿಡುಕುವುದನ್ನು ಅಭ್ಯಾಸ ಮಾಡುತ್ತಿದ್ದೆ!

ಇದು ಬರೀ ನಾಟಕ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೋಗಿ ಮಷೀನಿನ ಸ್ವಿಚ್ಚನ್ನೇ ಆರಿಸಿದ್ದಳು. ನಡುವೆ ಮಷೀನ್ ನಿಲ್ಲಿಸುವುದು ನಮ್ಮಲ್ಲಿ ಮಹಾಪರಾಧ. ಆ ನಿಶ್ಶಬ್ದದಲ್ಲಿ ಅವಳು, "ಅಮ್ಮ, ಅಣ್ಣನ್ನ ತಡೀರಿ. ಅವನಿಗೇನಾಗ್ತಿದೆ ಅಂತ ನನಗೆ ಗೊತ್ತು, ನನಗೂ ಅದೇ ಆಗಿದೆ" ಎಂದು, ತನ್ನದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿಬಿಟ್ಟಳು. ಆಡಲು ವಯಸ್ಸು ಸಾಲದೆ ಅಮ್ಮನ ಗುರುತಿನ ಚೀಟಿ ತೋರಿಸಿ ಖಾತೆ ತೆರೆದದ್ದನ್ನೂ ಹೇಳಿದಳು. ಅಪ್ಪ, ಅಮ್ಮನ ಕಡೆ ತಿರುಗಿ, "ಹಾಗಾದ್ರೆ ಲೆಕ್ಕದ ಪ್ರಕಾರ ಜೂಜುಗಾರ್ತಿ ನೀನು" ಎಂದರು.

ಅಳುತ್ತಿದ್ದ ತಂಗಿಗೂ ನಗು ಬಂತು. ಅದೇ ಹೊತ್ತಿಗೆ ಅಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡು, ಕಲೆ ಬಿದ್ದ ಬಟ್ಟೆ ತಂದ ಗಿರಾಕಿಯನ್ನು ಕೇಳುವಷ್ಟೇ ತಣ್ಣಗೆ ಕೇಳಿದಳು: "ಯಾವಾಗಿಂದ ಮಗಳೇ?" ಬೈಗುಳವಿಲ್ಲ, ಕಿರುಚಾಟವಿಲ್ಲ. ಅವತ್ತೇ ಖಾತೆ ಮುಚ್ಚಿಸಿದರು. ಸೈಕಲ್ ಕೊಳ್ಳುವವನಿಗೆ ಅಪ್ಪ ಫೋನ್ ಮಾಡಿ ಇಲ್ಲ ಎಂದರು. ಆಪ್ತ ಸಲಹೆಗಾರರ ಬಳಿ ಹೋಗುವುದೆಂದೂ ತೀರ್ಮಾನವಾಯಿತು. ನನ್ನ ತರಬೇತಿ ಇಲ್ಲದೆಯೇ!

"ಅಣ್ಣ ಬಂದ್ರೆ ಮಾತ್ರ ನಾನು ಬರ್ತೀನಿ" ಎಂದಳು ತಂಗಿ.

ಆಗ ನಾನು ಚಹಾ ಹನಿಯಿಂದ ಹಿಡಿದು ಆಮೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮೂವರೂ ನನ್ನನ್ನು ಕನಿಕರದಿಂದ ನೋಡಿದರು. ಅಮ್ಮ ತಲೆ ಸವರಿ, "ಪಾಪ, ಒಪ್ಕೊಳ್ಳೋಕೆ ನಾಚಿಕೆ" ಎಂದಳು.

ಈಗ ವಾರಕ್ಕೊಮ್ಮೆ ಇಬ್ಬರೂ ಸಲಹೆಗಾರರ ಬಳಿ ಹೋಗಿ, ಇಂಥದೇ ಚಟದ ಹತ್ತಾರು ಮಕ್ಕಳ ಜೊತೆ ಗುಂಡಗೆ ಕೂರುತ್ತೇವೆ. ತಂಗಿ ಮತ್ತೆ ಓದಿಗೆ ಕೂತಿದ್ದಾಳೆ, ಮುಖಕ್ಕೆ ಬಣ್ಣ ಬಂದಿದೆ. ಸಲಹೆಗಾರರು ಅಮ್ಮನಿಗೆ ಹೇಳಿದರಂತೆ: "ಹುಡುಗಿ ಬೇಗ ಸುಧಾರಿಸ್ತಿದ್ದಾಳೆ. ಹುಡುಗನದೇ ಸ್ವಲ್ಪ ಕಷ್ಟ. ತಾನು ಆಡೇ ಇಲ್ಲ ಅಂತ ಇನ್ನೂ ಹಟ ಮಾಡ್ತಿದ್ದಾನೆ."

ಹೋದ ವಾರ ಎದ್ದು ನಿಂತು ಒಪ್ಪಿಕೊಂಡುಬಿಟ್ಟೆ. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ತಂಗಿ.