ಅತ್ತೆಯ ಕಿತ್ತಳೆ, ನನ್ನ ಕಾಮಾಲೆ

ಕಾಯಿಲೆ ಬಿದ್ದವನಿಗೆ ಔಷಧಿಗಿಂತ ಮೊದಲು ಬೇಕಾಗುವುದು ದೂರಲು ಒಬ್ಬ ಮನುಷ್ಯ. ಔಷಧಿಗೆ ಡಾಕ್ಟರು ಬರಬೇಕು. ದೂರಲು ಮನೆಯವರೇ ಸಾಕು. ಕಾಮಾಲೆಯಾಗಿ ನನ್ನ ಕಣ್ಣು ಹಳದಿಯಾದಾಗ ನನಗೆ ಸಿಕ್ಕವರು ಅತ್ತೆ, ಅಂದರೆ ನನ್ನ ಹೆಂಡತಿ ಗೌರಿಯ ತಾಯಿ. ಮಗಳ ಬಾಣಂತನಕ್ಕೆಂದು ಅವರು ಒಂದು ಬುಟ್ಟಿ ಕಿತ್ತಳೆಯೊಂದಿಗೆ ಕೊಡ್ಲಿಪೇಟೆಯಿಂದ ಬಂದು ಎಂಟು ದಿನವಾಗಿತ್ತು. ಬುಟ್ಟಿಯನ್ನು ಬರಿದು ಮಾಡಿದವನು ನಾನು. ಕಿತ್ತಳೆ ಹಳದಿ, ನಾನೂ ಹಳದಿ. ಇದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ಮಡಿಕೇರಿಯ ಕೋರ್ಟಿನಲ್ಲೂ ಕೇಳುವುದಿಲ್ಲ.

"ಅತ್ತೆಯ ಕಿತ್ತಳೆ ತಿಂದೇ ಹೀಗಾಗಿದ್ದು" ಎಂದು ಗೌರಿಗೆ ಮೆಲ್ಲಗೇ ಹೇಳಿದೆ. ಆದರೆ ನಮ್ಮ ಮನೆಯ ಒಳಗೋಡೆ ಬಿದಿರು ತಟ್ಟಿಯದು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅತ್ತೆ ಸೀರೆಗಳನ್ನು ಮಡಚಿ ಗಂಟು ಕಟ್ಟತೊಡಗಿದರು. "ನಾನ್ ಬಂದು ಅಳಿಯಂದ್ರಿಗೆ ಕಾಯ್ಲೆ ಆಯ್ತು ಅಂದ್ಮೇಲೆ ಯಾಕಿರ್ಲಿ? ನಾಳೆ ಹೊರಡ್ತೀನಿ." ಎಂಟು ತಿಂಗಳ ಬಸುರಿ ಗೌರಿ ನನ್ನನ್ನು ಒಮ್ಮೆ ನೋಡಿದಳು. ಆ ನೋಟವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ವಿಚಿತ್ರವೆಂದರೆ, ನೆಲ್ಯಹುದಿಕೇರಿಯ ಹತ್ತಿರ ನಾನಿದ್ದ ಕಾಫಿ ಎಸ್ಟೇಟಿನಲ್ಲಿ ಕಾಮಾಲೆಯ ವಿಷಯ, ಲೆಕ್ಕಪತ್ರ ಬರೆಯುವ ರೈಟರನಾದ ನನ್ನಷ್ಟು ಬಲ್ಲವರಿರಲಿಲ್ಲ. ಮೂರು ತಿಂಗಳ ಹಿಂದೆ ಆಳುಗಳ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ನಾಲ್ಕಾರು ಜನರಿಗೆ ಅದು ಬಂದಿತ್ತು. ಆಗ ಎಸ್ಟೇಟಿನ ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಎಚ್ಚರಿಕೆಗಳನ್ನು ಕನ್ನಡಕ್ಕಿಳಿಸಿ ಲೈನಿನ ಗೋಡೆಗೆ ಅಂಟಿಸಿದವನು ನಾನೇ. ಯುದ್ಧದ ಕಾಲ, ಕಾಗದಕ್ಕೆ ಬರ. ಆದರೂ ನೀರು ಕುದಿಸಿ ಕುಡಿಯಿರಿ, ಉಣ್ಣುವ ಮೊದಲು ಕೈ ತೊಳೆಯಿರಿ ಎಂದೆಲ್ಲ ಒಂದೇ ಹಾಳೆಯಲ್ಲಿ, ನಾಲ್ಕೂ ಕಡೆ ಅಂಚು ಬಿಟ್ಟು, ದುಂಡಗೆ ಬರೆದಿದ್ದೆ. ಎಸ್ಟೇಟಿನ ಬಿಳಿಯ ದೊರೆ ಬಹಳ ಮೆಚ್ಚಿಕೊಂಡರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, ಅತ್ತೆ ಹೊರಡುವ ಮೊದಲೇ, ಡಾಕ್ಟರು ಬಂದರು. "ಏನ್ರೀ ರೈಟರೇ, ನೋಟೀಸು ಬರೆದವರಿಗೇ ಬಂತಾ?" ಎಂದರು. ನಾನು ಕಿತ್ತಳೆಯ ಕಥೆ ಹೇಳಿದೆ.

"ಅತ್ತೆ ಬಂದು ಎಂಟೇ ದಿನ. ಇದು ನಿಮ್ಮ ಹೊಟ್ಟೆ ಸೇರಿ ವಾರಗಟ್ಟಲೆ ಆಗಿದೆ. ನೀರು ಕುದಿಸ್ತೀರಾ?"

"ದಿನಾ ಕುದಿಸ್ತೇವೆ."

"ಕುದ್ಸೋದು ನಾನು ಡಾಕ್ಟ್ರೇ," ಎಂದಳು ಗೌರಿ. "ಇವ್ರು ಬಾಯಿ ಸುಡುತ್ತೆ ಅಂತ ಹೊಳೆ ನೀರು ಬೆರ್ಸಿ ಹದ ಮಾಡ್ಕೊಂಡು ಕುಡೀತಾರೆ."

ಸ್ನಾನದ ನೀರನ್ನು ಹದ ಮಾಡುವಂತೆ ಕುಡಿಯುವ ನೀರನ್ನು ಮಾಡಬಾರದೆಂದು ನೋಟೀಸಿನಲ್ಲಿ ಎಲ್ಲೂ ಇರಲಿಲ್ಲ. ಅಲ್ಲದೆ ಬೆರೆಸಿದ್ದು ಕಾವೇರಿ ತೀರ್ಥ. ಇದನ್ನೇ ವಾದಿಸಿದೆ. ಡಾಕ್ಟರು ನಗಲಿಲ್ಲ. "ತುಂಬಿದ ಬಸುರಿಗೆ ಇದು ಬಂದ್ರೆ ಜೀವಕ್ಕೇ ಅಪಾಯ ಕಣ್ರೀ" ಎಂದರು. ನಾನು ಗೌರಿಯ ಕಡೆ ತಿರುಗಿದೆ. ಗೌರಿ ತಾಯಿಯ ಮಾತಿನಂತೆ ಮೊದಲಿನಿಂದಲೂ ಜೀರಿಗೆ ಹಾಕಿ ಕುದಿಸಿದ ನೀರನ್ನಷ್ಟೇ ಕುಡಿಯುತ್ತಿದ್ದಳು. ಅದನ್ನು ಹಳೆಯ ಕಾಲದವರ ಹಟವೆಂದು ಹಾಸ್ಯ ಮಾಡುತ್ತಿದ್ದವನು ನಾನು.

"ತಪ್ಪಾಯ್ತು ಅತ್ತೆ, ಹೋಗ್ಬೇಡಿ" ಎಂದೆ. ಅವರು ಗಂಟು ಬಿಚ್ಚಲಿಲ್ಲ.

"ಹೊಳೆ ನೀರಿಗೆ ಕಾಯ್ಲೆ ಎಲ್ಲಿಂದ ಬರುತ್ತೆ ಡಾಕ್ಟ್ರೇ?" ಎಂದರು ಅತ್ತೆ.

"ಮೇಲಿನ ಊರಿನವರು ಬೆಳಿಗ್ಗೆ ಚೊಂಬು ಹಿಡ್ಕೊಂಡು ದಂಡೆಗೆ ಹೋಗ್ತಾರಲ್ಲಮ್ಮ, ಅಲ್ಲಿಂದ."

"ಎಂಥಾ ಜನ!" ಎಂದೆ ನಾನು.

ಅತ್ತೆ ಬಾಗಿಲ ಬಳಿಯಿದ್ದ ನನ್ನ ಚೊಂಬನ್ನು ನೋಡಿದರು. "ನಮ್ಮ ಕೆಳಗ್ಡೆ ಇರೋದು ಯಾವೂರು ಅಳಿಯಂದ್ರೇ?"

ಡಾಕ್ಟರು ನನ್ನ ಕಡೆ ತಿರುಗಿದರು. "ದಂಡೆಗೆ ಹೋಗ್ಬೇಡಿ, ಗುಂಡಿ ತೋಡಿ ಅಂತ ಬರೆದುಕೊಟ್ಟಿದ್ದೆನಲ್ಲ? ಕೊನೇ ಸಾಲು."

ಬರೆದುಕೊಟ್ಟಿದ್ದು ನಿಜ. ಅದನ್ನು ಸೇರಿಸಿದ್ದರೆ ಕೆಳಗಿನ ಅಂಚು ಕೆಡುತ್ತಿತ್ತು. ಅದೊಂದು ಸಾಲು ಬಿಟ್ಟಿದ್ದೆ. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡೆ.

ಅತ್ತೆ ನೆಲದ ಮೇಲೆ ಕುಳಿತು ಗಂಟು ಬಿಚ್ಚತೊಡಗಿದರು. "ಇವ್ರ ಕೈಲಿ ನಿನ್ನ ಬಿಟ್ಟು ಹೆಂಗೆ ಹೋಗ್ಲಿ ಗೌರಿ?" ಎಂದರು. ಅಂತೂ ಅತ್ತೆಯನ್ನು ಉಳಿಸಿಕೊಂಡವನು ನಾನೇ.