ನಿಮ್ಮ ಸಾಲಿ ಗಂಟಿ ಎಲ್ಲದ?

ನಮ್ಮ ಕಾಕಾ ಜೀವಮಾನದಲ್ಲಿ ಒಂದೂ ಪಂದ್ಯ ಆಡಿದವರಲ್ಲ. ಆದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು – ಈ ನಾಲ್ಕೂ ತಾಲೂಕುಗಳಲ್ಲಿ ಅವರು ಸೋಲಿಸದ ತಂಡ ಉಳಿದಿಲ್ಲ! ಅದೂ ಹೇಗೆ? ಧೋತರದ ಚುಂಗಿಗೆ ಮೈದಾನದ ಧೂಳು ತಾಗಿಸದೆ, ಗೆರೆಯ ಹೊರಗೆ ಕಬ್ಬಿಣದ ಕುರ್ಚಿಯ ಮೇಲೆ ಕೂತು, ಒಂದೇ ಒಂದು ಪ್ರಶ್ನೆ ಕೇಳಿ.

ಆ ಪ್ರಶ್ನೆಗೆ ಬರುವ ಮೊದಲು ನಮ್ಮ ವಂಶದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮದು ಶಾಸ್ತ್ರ ಓದಿದವರ ಮನೆತನ. ಯಾವ ಗ್ರಂಥ ಓದಲು ಯಾರು ಅಧಿಕಾರಿ, ಯಾರು ಅಲ್ಲ ಎಂಬ ವಿಷಯವಾಗಿ ನಮ್ಮ ಮುತ್ತಜ್ಜ ಎಲೆಯ ಮೇಲಿನ ಅನ್ನ ಆರುವವರೆಗೂ ವಾದ ಮಾಡುತ್ತಿದ್ದರಂತೆ. ಮುಂದೆ ಕಾಲ ಕೆಟ್ಟಿತು. ಅಧಿಕಾರಿಗಳಿರಲಿ, ಅನಧಿಕಾರಿಗಳು ಕೂಡ ಆ ಗ್ರಂಥಗಳನ್ನು ಮುಟ್ಟದ ಹಾಗಾಯಿತು. ಅಂಥ ವಾದಶಕ್ತಿ ತಲೆಮಾರುಗಟ್ಟಲೆ ಕೆಲಸವಿಲ್ಲದೆ ಕೂತರೆ ಏನಾದೀತು? ಕಾಕಾರ ಕಾಲಕ್ಕೆ ಅದು ಹದಿನಾಲ್ಕು ವರ್ಷದೊಳಗಿನ ಬಾಲಕಿಯರ ಖೋ-ಖೋ ಮೇಲೆ ಬಂದು ಇಳಿಯಿತು.

ಕಾಕಾ ಹಾನಗಲ್ಲಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಒಂದು ವರ್ಷ ಅಲ್ಲಿಯ ಆಟದ ಮಾಸ್ತರಿಗೆ ಮಂಗನಬಾವು ಬಂದು, ತಂಡ ಕರೆದೊಯ್ಯುವ ಕೆಲಸ ಇವರ ಕೊರಳಿಗೆ ಬಿತ್ತು. ಆಟವಂತೂ ತಿಳಿಯದು, ಹೊತ್ತು ಕಳೆಯಲು ಮೈದಾನದ ಮೂಲೆಯಲ್ಲಿ ಕೂತು ನಿಯಮಗಳನ್ನು ಓದಿದರು. ಓದಿ ತಲೆ ಎತ್ತುವಷ್ಟರಲ್ಲಿ ತಂಡ ಸೋತು ಬಸ್ಸು ಹತ್ತಿ ಕೂತಿತ್ತು. ಆದರೆ ಕಾಕಾರ ಮುಖದ ಮೇಲೆ ಮಂತ್ರೋಪದೇಶವಾದವರ ಕಳೆ ಇತ್ತೆಂದು ಕಂಡವರು ಹೇಳುತ್ತಾರೆ. ನಿವೃತ್ತಿಯಾದ ಮೇಲಂತೂ ಪಂದ್ಯದ ಋತು ಬಂತೆಂದರೆ ಅವರಿಗೆ ಹಸಿವು, ನಿದ್ದೆ ಎರಡೂ ಇಲ್ಲ. ಸಂಘಟಕರು ಮೊದಮೊದಲು ಇವರಿಂದ ತಪ್ಪಿಸಿಕೊಂಡು ಓಡಾಡಿದರು. ಆಮೇಲೆ ಸೋತು, ಆಟಗಾರರ ಅರ್ಹತೆ ನೋಡುವ ಮೂವರಲ್ಲಿ ಒಬ್ಬರನ್ನಾಗಿ ಕೂಡಿಸಿಬಿಟ್ಟರು. ಕಾಕಾರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ನಾಲ್ಕೂ ತಾಲೂಕು ತಿರುಗಿಸುವ ಸಾರಥ್ಯ ನನ್ನ ಪಾಲಿಗೆ ಬಂತು.

ಕಾಕಾ ಹೇಳುವ ಪ್ರಕಾರ ಧರ್ಮದ ಸಾರ ಇಷ್ಟೇ: ಆಟಕ್ಕೆಂದು ಶಾಲೆ ಬದಲಿಸಿದ ಮಗು ಆ ವರ್ಷ ಆಡುವಂತಿಲ್ಲ. ಮನೆಯವರೇ ಊರು ಬದಲಿಸಿ, ಅವರ ಹಿಂದೆ ಮಗು ಶಾಲೆ ಬದಲಿಸಿದ್ದರೆ ಅಡ್ಡಿಯಿಲ್ಲ. ಸರಿ, ಯಾರು ಯಾವುದಕ್ಕೆ ಬಂದವರು ಎಂದು ತಿಳಿಯುವುದು ಹೇಗೆ? ಎಲ್ಲರೂ ಕಾಗದ ನೋಡುತ್ತಾರೆ. ಕಾಕಾ ನೋಡುವುದಿಲ್ಲ. ಕಾಗದಕ್ಕೇನು, ಬರೆದವರು ಹೇಳಿದ್ದನ್ನೇ ಹೇಳುತ್ತದೆ ಎಂಬುದು ಅವರ ಸಿದ್ಧಾಂತ. ಅವರು ಆಟಗಾರನನ್ನು ಮುಂದೆ ನಿಲ್ಲಿಸಿಕೊಂಡು, ಕನ್ನಡಕದ ಮೇಲಿಂದ ನೋಡಿ, ಮೆಲ್ಲಗೆ ಕೇಳುತ್ತಾರೆ: "ನಿಮ್ಮ ಸಾಲಿ ಗಂಟಿ ಎಲ್ಲದ?"

ಅಷ್ಟೇ! ದಿನಾ ಶಾಲೆಗೆ ಹೋಗುವ ಮಗು ಯೋಚಿಸದೆ ಹೇಳುತ್ತದೆ. ಪಂದ್ಯಕ್ಕೆಂದು ತಂದ ಮಗು ಆಕಾಶ ನೋಡುತ್ತದೆ.

ಸವಣೂರಿನ ಕಬಡ್ಡಿಯಲ್ಲಿ ಗಂಟೆಯ ತನಕ ಹೋಗುವ ಪ್ರಸಂಗವೇ ಬರಲಿಲ್ಲ. ಹದಿನಾಲ್ಕರೊಳಗಿನವನೆಂದು ತಂದಿದ್ದ ಒಬ್ಬ ಆಟಗಾರ, ಆಗಷ್ಟೇ ಹೆರೆದ ಮೀಸೆಯ ಜಾಗ ಹಸಿರಾಗಿ ಹೊಳೆಯುತ್ತಿರಲು, ಕಾಕಾ ಬಂದದ್ದು ನೋಡಿ ತಾನೇ ಕುರ್ಚಿ ಎಳೆದುಕೊಟ್ಟು, "ಬರ್ರಿ ಯಜಮಾನ್ರ, ಕುಂತ್ರಿ, ಚಾ ತರಸ್ಲೇನು?" ಅಂದ. ಕಾಕಾ ಕೂತು, ಚಹಾ ತರಿಸಿಕೊಂಡು, ಪೂರ್ತಿ ಕುಡಿದು, ಅವನನ್ನು ಹೊರಗೆ ಹಾಕಿದರು. ಕಾರಣವನ್ನೂ ಕೊಟ್ಟರು. "ಹದಿನಾಲ್ಕರ ಹುಡುಗ ಹಿರಿಯರಿಗೆ ಚಾ ಕೇಳೂದಿಲ್ಲಪಾ. ಹಿರಿಯರನ್ನ ಕಂಡ್ರ ಓಡಿ ಹೋಗ್ತಾನ."

ಶಿಗ್ಗಾಂವಿಯವರು ಜಾಣರು. ಪ್ರಶ್ನೆ ಗೊತ್ತಾದ ಮೇಲೆ ಅಲ್ಲಿಯ ಒಂದು ತಂಡದ ಮಾಸ್ತರು ಹಿಂದಿನ ದಿನವೇ ಎಲ್ಲರನ್ನೂ ಶಾಲೆಗೆ ಕರೆದೊಯ್ದು ಗಂಟೆಯ ದರ್ಶನ ಮಾಡಿಸಿದ್ದರು. ಕಾಕಾ ಬಾಯಿ ತೆರೆದದ್ದೇ ತಡ, ಇಡೀ ತಂಡ ಒಕ್ಕೊರಲಿನಿಂದ "ಬೇವಿನ ಗಿಡಕ್ಕ್ರೀ" ಅಂದಿತು. ಕಾಕಾ ಸಂತೋಷದಿಂದ ತಲೆದೂಗಿ, "ಯಾರು ಬಾರಸ್ತಾರ?" ಅಂದರು. ಎಲ್ಲರೂ ಮಾಸ್ತರ ಮುಖ ನೋಡಿದರು. ದರ್ಶನವಾಗಿತ್ತು, ಸೇವೆ ಆಗಿರಲಿಲ್ಲ! ಕೊನೆಯಲ್ಲಿ ನಿಂತಿದ್ದ ಪೀಚು ಹುಡುಗಿಯೊಬ್ಬಳು ಮಾತ್ರ ಕೈ ಎತ್ತಿ, "ನಾನ ರೀ, ಸೋಮವಾರ" ಅಂದಳು. ಆ ದಿನ ಶಿಗ್ಗಾಂವಿಯ ಆ ತಂಡದಲ್ಲಿ ನಿಸ್ಸಂಶಯವಾಗಿ ಉಳಿದವಳು ಅವಳೊಬ್ಬಳೇ.

ಇಂಥ ಮನುಷ್ಯನ ಜೊತೆ ಸಂಸಾರ ಹೇಗೆ ಎನ್ನುತ್ತೀರಾ? ಕಾಕು ಸವಣೂರಿನವರು. "ನಾನೂ ನಡುವ ಊರು ಬದಲಿಸಿ ಬಂದಾಕಿನ. ವರ್ಷ ತುಂಬೂತನಕಾ ಒಲಿ ಮುಟ್ಟಬ್ಯಾಡ ಅನ್ನಲಿಲ್ಲ, ನನ್ನ ಪುಣ್ಯಾ," ಎಂದು ಒಗ್ಗರಣೆ ಹಾಕುತ್ತಲೇ ಹೇಳಿದರು ಒಂದು ಸಂಜೆ. ಹಾಗಾದರೆ ಹೊಸದರಲ್ಲಿ ನಿನಗೆ ಈ ಊರಿನದು ಏನು ಗೊತ್ತಿತ್ತು ಎಂದು ಕಾಕಾ ಅರ್ಹತಾ ಪರೀಕ್ಷೆಗೇ ಇಳಿದುಬಿಟ್ಟರು. ಗುಡಿ ಗೊತ್ತಿರಲಿಲ್ಲ, ಪೇಟೆ ಗೊತ್ತಿರಲಿಲ್ಲ, ನಿಮ್ಮ ಸಾಲಿಯಂತೂ ಮೊದಲೇ ಗೊತ್ತಿರಲಿಲ್ಲ ಎಂದರು ಕಾಕು. "ನೀರಿನ ನಳ ಎಲ್ಲದ, ಅಲ್ಲೆ ಯಾರು ಜಗಳಗಂಟಿ, ಅದೊಂದ ಮೊದಲನೇ ದಿನ ಗೊತ್ತಾತು." ಕಾಕಾ ಹೂಂ ಎಂದು ತಟ್ಟೆಗೆ ಕೈ ಹಾಕಿದರು. ನಾನೂ ಆ ಮಾತನ್ನು ಅಲ್ಲೇ ಬಿಟ್ಟೆ.

ಮುಂದಿನ ವಾರ ಹಾನಗಲ್ಲಿನಲ್ಲಿ ತಾಲೂಕು ಮಟ್ಟದ ಬಾಲಕಿಯರ ಖೋ-ಖೋ ಫೈನಲ್. ಒಂದು ಕಡೆ ಕಾಕಾ ಕಲಿಸಿದ ಶಾಲೆ, ಇನ್ನೊಂದು ಕಡೆ ತಿಳವಳ್ಳಿಯ ಶಾಲೆ. ಗೆದ್ದವರು ಜಿಲ್ಲಾ ಮಟ್ಟಕ್ಕೆ. ತಿಳವಳ್ಳಿಯ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಏನು ಓಟ ಅಂತೀರಿ! ಕೈಗೆ ಸಿಕ್ಕಳು ಅನ್ನುವಷ್ಟರಲ್ಲಿ ಕಂಬ ಸುತ್ತಿ ಆಚೆ ನಿಂತಿರುತ್ತಿದ್ದಳು. ಸೆಮಿಫೈನಲಿನಲ್ಲಿ ಅವಳನ್ನು ಮುಟ್ಟಲು ಹೋದವರೆಲ್ಲ ಗಾಳಿ ಮುಟ್ಟಿ ಬಂದಿದ್ದರು.

ಹಾನಗಲ್ಲಿನ ಆಟದ ಮಾಸ್ತರು ಕಾಕಾರ ಶಿಷ್ಯರೇ. ಅವರು ತಕರಾರು ಎತ್ತಿದರು. "ಸರ, ಈ ಹುಡುಗಿ ಹೋದ ತಿಂಗಳ ತನಕಾ ಹಿರೇಕೆರೂರ ತಾಲೂಕ ಮಾಸೂರ ಸಾಲ್ಯಾಗಿದ್ಲು. ಆಡಸಾಕಂತನ ತಂದಾರ. ನೀವ ಕಲಿಸಿದ ಸಾಲಿ ಇದು, ನೀವ ನ್ಯಾಯಾ ಹೇಳ್ರಿ."

ಹುಡುಗಿಯನ್ನು ಕರೆದು ನಿಲ್ಲಿಸಿದರು. ಕೆಂಪು ರಿಬ್ಬನ್ನಿನ ಎರಡು ಜಡೆ, ಎರಡೂ ಮೊಣಕಾಲಿನ ಮೇಲೆ ಒಣಗಿದ ಗಾಯ. ಅವ್ವನ ಜೊತೆ ಅಜ್ಜಿಯ ಮನೆಗೆ ಬಂದಿದ್ದೇನೆ ಎಂದಳು. ಹಾಗೆ ಎಲ್ಲರೂ ಹೇಳುತ್ತಾರೆ ಎಂದರು ಶಿಷ್ಯರು. ಕಾಕಾ ಕನ್ನಡಕದ ಮೇಲಿಂದ ನೋಡಿದರು.

"ನಿಮ್ಮ ಸಾಲಿ ಗಂಟಿ ಎಲ್ಲದವಾ?"

"ನಮ್ ಸಾಲಿ ಗಂಟಿ ಹುಣಸಿ ಗಿಡಕ್ಕ ಐತ್ರಿ," ಅಂದಳು ಹುಡುಗಿ ತಟ್ಟನೆ. "ಕೆರಿ ಕಡೆ ಗಾಳಿ ಬಿಟ್ರ ಯಾರೂ ಬಾರಿಸದನ ಸಣ್ಣಗ ಸಪ್ಪಳಾ ಮಾಡ್ತೈತ್ರಿ."

ತಿಳವಳ್ಳಿಯ ಮಾಸ್ತರು ಹಣೆಗೆ ಕೈ ಹಚ್ಚಿದರು. ಅವರ ಶಾಲೆಯಲ್ಲಿ ಹುಣಸೆ ಗಿಡವಿಲ್ಲ. ಹುಣಸೆ, ಕೆರೆ, ಗಾಳಿ ಎಲ್ಲ ಮಾಸೂರಿನವು! ಕೇಳಿದಿರಲ್ಲ ಸರ, ಈಗಲೂ ಅವಳ ಬಾಯಲ್ಲಿ ಮಾಸೂರಿನದೇ ನಮ್ಮ ಸಾಲಿ ಎಂದು ಶಿಷ್ಯರು ಸುತ್ತಲಿನವರ ಮುಖ ನೋಡಿದರು. ಹುಡುಗಿಗೆ ತಾನು ಹೇಳಿದ್ದು ಆಗ ತಿಳಿಯಿತು. ಕೆಳತುಟಿ ಕಚ್ಚಿಕೊಂಡು ನಿಂತಳು.

ಕಾಕಾ ಕನ್ನಡಕ ತೆಗೆದರು, ಹಾಕಿಕೊಂಡರು. ಇನ್ನೇನು, ಮುಗಿಯಿತು ಅಂದುಕೊಂಡೆ ನಾನು.

"ಮನಿಗೆ ನೀರು ಯಾರು ತರ್ತಾರ?"

"ನಾನ ರೀ. ಓಣಿ ತುದಿಗೆ ನಳ ಐತ್ರಿ."

"ಪಾಳೇಕ ನಿಂದರ್ತೀರೇನು?"

"ಕೊಡಾ ಪಾಳೇಕ ಇಟ್ಟಿರ್ತೇವ್ರಿ." ಹುಡುಗಿ ಒಮ್ಮೆ ಹಿಂದೆ ತಿರುಗಿ ನೋಡಿದಳು. "ಆದ್ರ ಮೂಲಿ ಮನಿ ದೊಡ್ಡವ್ವ ಕಡೀಕ ಬಂದು ತನ್ನ ಹಸರ ಕೊಡಾ ಮುಂದ ಇಡ್ತಾಳ್ರಿ. ನಾವು ಹೊಸಬರಂತ ನನ್ನ ಕೊಡಾನ ಹಿಂದ ಸರಸ್ತಾಳ್ರಿ."

ಮಕ್ಕಳ ಆಟ ನೋಡಲು ಬುತ್ತಿ ಕಟ್ಟಿಕೊಂಡು ತಿಳವಳ್ಳಿಯಿಂದ ಬಂದಿದ್ದ ಹೆಂಗಸರ ಗುಂಪಿನಲ್ಲಿ ಒಬ್ಬಾಕೆ ದಡಕ್ಕನೆ ಎದ್ದು ನಿಂತರು. "ನಾ ಯಾವಾಗ ಸರಿಸೇನಬೇ? ಒಂದ ದಿನಾ, ಮನಿಗೆ ಬೀಗರು ಬಂದಿದ್ರಂತ..."

"ದಿನಾಲೂ ಬೀಗರು ಬರ್ತಾರೇನ ನಿಮ್ಮನಿಗೆ?" ಅಂದಿತು ಪಕ್ಕದ ದನಿ.

ಆಮೇಲೆ ಕೇಳಬೇಕೆ! ತಿಳವಳ್ಳಿಯ ನಳದ ಪಾಳಿ ಹಾನಗಲ್ಲಿನ ಮೈದಾನಕ್ಕೇ ಬಂದು ನಿಂತಿತು. ಯಾರ ಕೊಡ, ಯಾವ ದಿನ, ಯಾರು ಯಾರಿಗೆ ಏನಂದರು, ಎಲ್ಲ ಹೊರಬಿತ್ತು. ಕಾಕಾ ತಡೆಯಲಿಲ್ಲ. ಸಂಗೀತ ಕೇಳುವವರ ಹಾಗೆ ಕಣ್ಣು ಅರೆಮುಚ್ಚಿ ಕೇಳಿ, ಆಮೇಲೆ ತೀರ್ಪು ಕೊಟ್ಟರು.

"ಸಾಲಿ ಹೊಸಾದು, ಖರೆ. ಆದ್ರ ಮನಿ ತಿಳವಳ್ಳ್ಯಾಗನ ಅದ. ನಳದ ಪಾಳ್ಯಾಗ ಬೈಸಿಕೊಳ್ಳಾಕ ಯಾರೂ ಹೊರಗಿಂದ ಆಟಗಾರರನ್ನ ತರೂದಿಲ್ಲ. ಆಡ್ಲಿ."

ಪಕ್ಕದಲ್ಲಿ ಕೂತಿದ್ದ ಹೆಡ್‌ಮಾಸ್ತರೊಬ್ಬರಿಗೆ ಇನ್ನೂ ಸಮಾಧಾನವಾಗಿರಲಿಲ್ಲ. ಅವರು ಹುಡುಗಿಯ ಕಡೆ ಬಾಗಿ, "ಅವ್ವನ ಜೋಡಿ ಬಂದೇನಿ ಅಂದಿ. ಮತ್ತ ನಿಮ್ಮಪ್ಪ..." ಅಂದರು.

ಹುಡುಗಿಯ ಕಣ್ಣು ನೆಲಕ್ಕೆ ಹೋಯಿತು.

"ಆ ಪ್ರಶ್ನೆ ನಿಯಮದಾಗಿಲ್ಲ," ಎಂದರು ಕಾಕಾ. ಹೆಡ್‌ಮಾಸ್ತರು ಸುಮ್ಮನೆ ತಿಳಿದುಕೊಳ್ಳಲಿಕ್ಕೆ ಎಂದೇನೋ ಅನ್ನುತ್ತಿದ್ದಂತೆ ಕಾಕಾ ಎದ್ದು ನಿಂತರು. "ಇಲ್ಲ ಅಂದೆನಲ್ರೀ."

ನನಗೆ ತಿಳಿದ ಮಟ್ಟಿಗೆ, ಗಂಟೆಯ ಪ್ರಶ್ನೆಯೂ ನಿಯಮದಲ್ಲಿಲ್ಲ.

ಪಂದ್ಯದ ಬಗ್ಗೆ ಏನು ಹೇಳಲಿ! ಆ ಹುಡುಗಿ ಕಂಬದಿಂದ ಕಂಬಕ್ಕೆ ಮಿಂಚಿದಳು. ಕಾಕಾ ಕಲಿಸಿದ ಶಾಲೆ ಒಂದೇ ಅಂಕದಿಂದ ಸೋತಿತು. ಹಸಿರು ಕೊಡದ ದೊಡ್ಡವ್ವನೇ ಎಲ್ಲರಿಗಿಂತ ಮೊದಲು ಓಡಿ ಹೋಗಿ ಆ ಹುಡುಗಿಯನ್ನು ಎತ್ತಿಕೊಂಡರು. ಶಿಷ್ಯರು ಮಾತ್ರ ಗುರುಗಳಿಗೆ ಚಹಾ ಕೊಡಿಸದೆ ಹೊರಟುಹೋದರು. ರಾತ್ರಿ ಊಟಕ್ಕೆ ಕೂತಾಗ ನಾನು ಎಲ್ಲವನ್ನೂ ಹೇಳಿದೆ. ಆ ನೀರಿನ ಪ್ರಶ್ನೆ ಯಾರದಂತೆ ಎಂದು ಕಾಕು ಕೇಳಿದರು. ಕಾಕಾ ಇನ್ನೊಂದು ಹಿಡಿ ಅನ್ನ ಬಡಿಸಿಕೊಂಡರು.

ಜಿಲ್ಲಾ ಮಟ್ಟದ ಪಂದ್ಯ ಸವಣೂರಿನಲ್ಲಿ ನಡೆಯಿತು. ಕಾಕಾ ಎಂದಿನಂತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತಂಡಗಳು ಗಂಟೆಗಳನ್ನು ನೆನಪು ಮಾಡಿಕೊಳ್ಳುತ್ತ ದೂರದಲ್ಲಿ ನಿಂತಿದ್ದವು. ಅಷ್ಟರಲ್ಲಿ ಎರಡು ಕೆಂಪು ರಿಬ್ಬನ್ನು ಗುಂಪಿನಿಂದ ಕಿತ್ತುಕೊಂಡು ನೇರ ಇವರ ಮುಂದೆ ಬಂದು ನಿಂತವು. ಕಾಕಾ ಏನೂ ಕೇಳಿರಲಿಲ್ಲ.

"ಅಜ್ಜಾರ, ನಮ್ ಸಾಲಿ ಗಂಟಿ ಬಿಸಿಯೂಟದ ಖೋಲಿ ಮುಂದ ಐತ್ರಿ," ಅಂದಳು ಹುಡುಗಿ, ಏದುಸಿರು ಬಿಡುತ್ತ. "ಶನಿವಾರ ನಾನ ಬಾರಸ್ತೇನ್ರಿ."

ಕಾಕಾ ಕುರ್ಚಿಯಿಂದ ಮುಂದೆ ಬಾಗಿದರು. ಆಮೇಲೆ, ನಿಯಮದಲ್ಲಿ ಎಲ್ಲೂ ಇಲ್ಲದ ಇನ್ನೊಂದು ಪ್ರಶ್ನೆ ಕೇಳಿದರು.

"ಜೋರಾಗಿ ಬಾರಸ್ತೀಯೇನವಾ?"

"ಮಾಸೂರಿಗೆ ಕೇಳೂ ಹಂಗ್ರಿ," ಅಂದವಳೇ ಕಂಬದ ಕಡೆಗೆ ಓಡಿಬಿಟ್ಟಳು.